ಮರ್ಡೋ ಪಿರೀ ಬರೆಯುತ್ತಿದ್ದಾರೆ

ನಮ್ಮ ಸೌತ್‌ಲ್ಯಾಂಡಿನ ಪುಟ್ಟ ಊರು ಗ್ಲೆನ್‌ಮೋರಾದಲ್ಲಿ ಬುದ್ಧಿವಂತ ಎನ್ನಿಸಿಕೊಳ್ಳಲು ಹೆಚ್ಚೇನೂ ಬೇಕಿಲ್ಲ. ಅಕ್ಕಪಕ್ಕದವರಿಗೆ ಅರ್ಥವಾಗದ ಒಂದು ವಸ್ತು ಮನೆಯಲ್ಲಿದ್ದರೆ ಸಾಕು. ಮರ್ಡೋ ಪಿರೀಯ ಮನೆಯಲ್ಲಿ ಅಂಥ ವಸ್ತು ಒಂದಿತ್ತು. ಅದು ಲಿನಕ್ಸ್ ಎಂಬ, ಪುಕ್ಕಟೆ ಸಿಗುವ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್.

ಮರ್ಡೋ ಆಯುಷ್ಯವೆಲ್ಲ ಕುರಿಯ ಉಣ್ಣೆ ವಿಂಗಡಿಸಿದವನು. ಕಣ್ಣು ಮುಚ್ಚಿಕೊಂಡು ಒಂದು ಎಳೆ ಮುಟ್ಟಿದರೆ ಅದು ಯಾವ ಗುಡ್ಡದ ಕುರಿಯದು ಎಂದು ಹೇಳುತ್ತಿದ್ದ. ತಪ್ಪು ಹೇಳಿದಾಗ ಕುರಿ ಗುಡ್ಡ ಬದಲಾಯಿಸಿರಬೇಕು ಎನ್ನುತ್ತಿದ್ದ. ನಿವೃತ್ತನಾದ ಮೇಲೆ ಆ ಬೆರಳುಗಳಿಗೆ ಕೆಲಸವಿಲ್ಲದೆ, ಗ್ರಂಥಾಲಯದವರು ಎಸೆಯಲಿಟ್ಟಿದ್ದ ಹಳೇ ಲ್ಯಾಪ್‌ಟಾಪೊಂದನ್ನು ಎತ್ತಿಕೊಂಡು ಬಂದ. ಒಂದು ಚಳಿಗಾಲವಿಡೀ ಅದರ ಮುಂದೆ ಕೂತು, ಬೈದು, ಬೇಡಿಕೊಂಡು, ಕೊನೆಗೂ ಅದರೊಳಗೆ ಲಿನಕ್ಸ್ ಇಳಿಸಿದ. ಸತ್ತ ಯಂತ್ರ ಎದ್ದು ಕೂತಿತು. ಅಂದಿನಿಂದ ಮರ್ಡೋನ ಕಾಲು ನೆಲಕ್ಕೆ ತಾಗಲಿಲ್ಲ. ಪಬ್ಬಿನಲ್ಲಿ ಲಿನಕ್ಸ್, ಇಗರ್ಜಿಯ ಬಾಗಿಲಲ್ಲಿ ಲಿನಕ್ಸ್, ಶವಸಂಸ್ಕಾರದ ಚಹದ ಹೊತ್ತಿಗೂ ಲಿನಕ್ಸ್. "ನಂದು ಕೆಡೋದೇ ಇಲ್ಲ ಕಣ್ರೀ. ವೈರಸ್ ಬರಲ್ಲ, ಕಳ್ಳರು ಬರಲ್ಲ," ಎನ್ನುತ್ತಿದ್ದ.

"ಕಳ್ಳರಿಗೂ ಒಂದು ಮರ್ಯಾದೆ ಅಂತ ಇರತ್ತಲ್ಲ," ಎನ್ನುತ್ತಿದ್ದಳು ಹೆಂಡತಿ ಐಲ್ಸಾ.

ಕಳ್ಳರ ಭಯ ಇಲ್ಲವೆಂದರೂ ಮರ್ಡೋ ಮುನ್ನೆಚ್ಚರಿಕೆ ಬಿಟ್ಟವನಲ್ಲ. ಯಾರಾದರೂ ತನ್ನ ಮನೆಯ ಮಾತು ಕದ್ದು ಕೇಳಿಯಾರೆಂದು, ಲ್ಯಾಪ್‌ಟಾಪಿನ ಮೈಕಿನ ತೂತಿಗೆ ಬಚ್ಚಲುಮನೆಯ ಬಿರುಕು ಮುಚ್ಚುವ ಅಂಟು ತುಂಬಿದ್ದ. ಕ್ಯಾಮರಾದ ಮೇಲೆ ಕಪ್ಪು ಪಟ್ಟಿ ಮೆತ್ತಿದ್ದ. ಗ್ಲೆನ್‌ಮೋರಾದ ಪಿರೀ ದಂಪತಿ ಮಧ್ಯಾಹ್ನಕ್ಕೆ ಯಾವ ಸೂಪು ಕುಡಿಯುತ್ತಾರೆಂಬ ರಹಸ್ಯ ಹೀಗಾಗಿ ಲೋಕದಿಂದ ಸುರಕ್ಷಿತವಾಗಿತ್ತು. ಒಟ್ಟಿನಲ್ಲಿ ಹೊರಗಿನವರ ಮಾತು ಯಂತ್ರದಲ್ಲಿ ಕೇಳಿಸುತ್ತಿತ್ತು, ಇಲ್ಲಿಂದ ಮಾತು ಹೋಗುತ್ತಿರಲಿಲ್ಲ; ಕಿವಿಯಿತ್ತು, ಬಾಯಿಯಿರಲಿಲ್ಲ. ಐಲ್ಸಾ ಅದನ್ನು ಆದರ್ಶ ಗಂಡ ಎಂದು ಕರೆಯುತ್ತಿದ್ದಳು.

ಬುದ್ಧಿವಂತನೆಂಬ ಹೆಸರಿನಿಂದಲೇ ಮರ್ಡೋ ಸಿಕ್ಕಿಹಾಕಿಕೊಂಡ.

ಊರಿನ ಈಜುಕೊಳವನ್ನು ಮುಚ್ಚಬೇಕೆಂದು ತಾಲೂಕಿನ ಬೋರ್ಡು ಹೊರಟಿತ್ತು. ಪಂಪು ಹಳತಾಗಿದೆ, ಮಕ್ಕಳು ಬೇಕಾದರೆ ಪೇಟೆಯ ದೊಡ್ಡ ಕೊಳಕ್ಕೆ ಹೋಗಲಿ ಎಂಬುದು ಬೋರ್ಡಿನ ವಾದ. ಪೇಟೆಗೆ ಕಾರಿನಲ್ಲಿ ಒಂದೂವರೆ ಗಂಟೆ. ನದಿಗೆ ಮಾತ್ರ ಎಲ್ಲರ ಮನೆಯ ಹಿತ್ತಲಿಂದ ಐದು ನಿಮಿಷ. ಪಕ್ಕದ ಮನೆಯ ಮೆರೆ ರಕೇನಾಳ ತಮ್ಮ ಏಳು ವರ್ಷದವನಿದ್ದಾಗ ಆ ನದಿಗೆ ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಮೆರೆ ಊರಿನ ಪ್ರತಿಯೊಂದು ಮಗುವನ್ನೂ ಕಿವಿ ಹಿಡಿದು ಕೊಳಕ್ಕಿಳಿಸಿ ಈಜು ಕಲಿಸುತ್ತ ಬಂದಿದ್ದಳು. ಕೊಳ ಮುಚ್ಚಿದರೆ ಮಕ್ಕಳು ನದಿಗೇ ಇಳಿಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ಆ ಭಯದಲ್ಲಿ ಅವಳು ನಿದ್ದೆ ಬಿಟ್ಟಿದ್ದಳು.

ಬೋರ್ಡಿನ ಮುಂದೆ ಮಾತಾಡಬೇಕಾದವಳು ಅವಳೇ. ಆದರೆ ಹಿಂದಿನ ಸಭೆಯಲ್ಲಿ ಅವಳು ಅಧ್ಯಕ್ಷ ಸ್ಟುವರ್ಟ್ ಹ್ಯಾಡೋನನ್ನು ಈಜು ಬಾರದ ಬಾತುಕೋಳಿ ಎಂದು ಕರೆದಿದ್ದಳು. ಹ್ಯಾಡೋನಿಗೆ ನಿಜಕ್ಕೂ ಈಜು ಬರುತ್ತಿರಲಿಲ್ಲವಾದ್ದರಿಂದ ಅವನಿಗೆ ಬಹಳ ನೋವಾಗಿತ್ತು. ಈ ಸಲ ಊರಿನ ಪರವಾಗಿ ಬೇರೆ ಯಾರಾದರೂ ಬರಬೇಕೆಂದು ಬೋರ್ಡು ತಿಳಿಸಿತ್ತು.

"ನಾನಿದ್ದೀನಿ," ಎಂದ ಮರ್ಡೋ, ಪಬ್ಬಿನಲ್ಲಿ, ಎರಡನೆಯ ಗ್ಲಾಸಿನ ಧೈರ್ಯದಲ್ಲಿ. "ಬಾಯಿ ಮಾತು ಗಾಳಿಗೆ ಹೋಗತ್ತೆ. ನಾನು ನನ್ನ ಲ್ಯಾಪ್‌ಟಾಪಲ್ಲಿ ಸಭೆಗೇ ನೇರವಾಗಿ ಬರೀತೀನಿ. ಬರೆದದ್ದು ದಾಖಲೆ. ಅಳಿಸೋಕಾಗತ್ತಾ?"

ಬೋರ್ಡೂ ಒಪ್ಪಿತು. ಬರಹದಲ್ಲಿ ಬಾತುಕೋಳಿಗಳು ಕಡಿಮೆ ಇರುತ್ತವೆಂದು ಹ್ಯಾಡೋನಿಗೆ ಅನ್ನಿಸಿರಬೇಕು.

ಸಭೆಯ ವಾರ ನೆರೆ ಬಂತು. ಸೇತುವೆ ಮುಚ್ಚಿತು. ಬೋರ್ಡಿನ ಐವರೂ ತಂತಮ್ಮ ಮನೆಯಲ್ಲೇ ಪರದೆಯ ಮುಂದೆ ಕೂತು ಸಭೆ ನಡೆಸುವುದೆಂದಾಯಿತು. ಸೇತುವೆ ಮುಚ್ಚಿದ್ದರಿಂದ ಇನ್ನೊಂದು ಅನಾಹುತವೂ ಆಯಿತು. ಒಂದು ದಿನದ ಊಟಕ್ಕೆಂದು ಇನ್ವರ್‌ಕಾರ್ಗಿಲ್‌ನಿಂದ ಬಂದಿದ್ದ ಐಲ್ಸಾಳ ಅಣ್ಣ ಕಾಲಿನ್ ಅಲ್ಲೇ ಉಳಿದುಬಿಟ್ಟ. ಅವನ ಹತ್ತಿರ ಹೊಚ್ಚ ಹೊಸ ಲ್ಯಾಪ್‌ಟಾಪಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು.

ಸಭೆ ಮಧ್ಯಾಹ್ನ ಎರಡಕ್ಕೆ. ಹನ್ನೊಂದಕ್ಕೇ ಮೆರೆ ತನ್ನ ಕೈಬರಹದ ಎರಡು ಹಾಳೆ ಹಿಡಿದು ಅಡುಗೆಮನೆಗೆ ಬಂದಳು. ಮರ್ಡೋ ಅವಳಿಗೆ ಯಂತ್ರದ ಮಹಿಮೆ ವಿವರಿಸತೊಡಗಿದ. ಐಲ್ಸಾ ಒಲೆಯಿಂದ ಆಗಷ್ಟೇ ತೆಗೆದ ಚೀಸ್ ರೋಲಿನ ತಟ್ಟೆ ತಂದಳು. ಮೇಜಿನ ಮೇಲೆ ಜಾಗವಿರಲಿಲ್ಲ. ಮರ್ಡೋ ತನ್ನ ಮಹಿಮೆಯನ್ನು ಮೇಜಿನ ತುಂಬ ಹರಡಿದ್ದ. ತಟ್ಟೆಯ ಅಂಚು ಲ್ಯಾಪ್‌ಟಾಪಿನ ಮೂಲೆಯ ಒಂದು ಗುಂಡಿಯ ಮೇಲೆ ಕೂತಿತು. ನಮ್ಮ ಸೌತ್‌ಲ್ಯಾಂಡಿನಲ್ಲಿ ಬಿಸಿ ಚೀಸ್ ರೋಲ್ ಬಂದಾಗ ತಟ್ಟೆ ಎಲ್ಲಿ ಕೂತಿತೆಂದು ನೋಡುವ ಪದ್ಧತಿಯಿಲ್ಲ. ಮೂವರೂ ತಿಂದರು. ಪರದೆಯ ಮೇಲೆ ಯಾವುದೋ ಒಂದು ಸಂದೇಶ ಎದ್ದು ನಿಂತಿತು. ಮರ್ಡೋ ಬೆಣ್ಣೆ ಬೆರಳಿನಿಂದಲೇ ಅದನ್ನು ಮುಚ್ಚಿದ.

"ಏನೋ ಬಂದಿತ್ತಲ್ಲ?" ಎಂದಳು ಮೆರೆ.

"ಸಂದೇಶ ಓದೋದು ಹೊಸಬರು. ಅನುಭವ ಇದ್ದೋರು ಮುಚ್ತಾರೆ," ಎಂದ ಮರ್ಡೋ.

ಆಮೇಲೆ ಬೆರಳು ಒರೆಸಿಕೊಂಡು, "ನೋಡು, ನಿನ್ನ ಹೆಸರು ಬರೀತೀನಿ," ಎಂದು ಪಟಪಟ ಬಡಿದ. ಏನೂ ಬರಲಿಲ್ಲ. ಮತ್ತೆ ಬಡಿದ. ಬಾಣದ ಗುರುತು ಅತ್ತಿತ್ತ ಓಡಾಡುತ್ತಿತ್ತು, ಒತ್ತಿದಲ್ಲೆಲ್ಲ ಕಿಟಕಿಗಳು ತೆರೆಯುತ್ತಿದ್ದವು. ಅಕ್ಷರ ಮಾತ್ರ ಒಂದೂ ಇಲ್ಲ.

"ನನ್ನ ಹೆಸರು ಚಿಕ್ಕದೇ ಇದೆ," ಎಂದಳು ಮೆರೆ.

"ಬಿಸಿಯಾಗಬೇಕು," ಎಂದ ಮರ್ಡೋ.

ಲಿನಕ್ಸಿನವರಿಗೆ ಒಂದು ಕೊನೆಯ ಅಸ್ತ್ರವಿದೆ. ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರವೆಲ್ಲ ಮಾಯವಾಗಿ, ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಮರ್ಡೋ ಹಲ್ಲು ಕಚ್ಚಿ, ಟಗರಿನ ಕೊಂಬು ಹಿಡಿದವನಂತೆ ಆ ಮೂರನ್ನೂ ಅದುಮಿ ಹಿಡಿದ. ಕಪ್ಪು ಪರದೆ ಬಂತು. ಅಲ್ಲಿ ಬಡಿದರೆ, ಆಹಾ, ಅಕ್ಷರಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು! ಬಣ್ಣದ ಪರದೆಗೆ ಮರಳಿದರೆ ಮತ್ತೆ ಮೌನ. ಯಂತ್ರ ಆರಿಸಿ ಮತ್ತೆ ಹಚ್ಚಿದ. ಹೊಸ್ತಿಲಲ್ಲಿ ಪಾಸ್‌ವರ್ಡ್ ಕೇಳಿದಾಗ ಅದನ್ನು ಚೆನ್ನಾಗಿಯೇ ಬರೆಸಿಕೊಂಡಿತು. ಒಳಗೆ ಕಾಲಿಟ್ಟೊಡನೆ ಮೌನವ್ರತ ಹಿಡಿಯಿತು.

"ಇದಕ್ಕೆ ಹೊರಗೆಲ್ಲ ಮಾತು ಬರತ್ತೆ, ಮನೆ ಒಳಗೆ ಮಾತ್ರ ಬರಲ್ಲ," ಎಂದಳು ಐಲ್ಸಾ. "ಯಾರ ಹತ್ರ ಕಲೀತು ಅಂತ ನಂಗೆ ಗೊತ್ತು."

ಅಷ್ಟು ಹೊತ್ತಿಗೆ ಕಾಲಿನ್ ಸ್ನಾನ ಮುಗಿಸಿ, ಮರ್ಡೋನದೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ವಿಷಯ ತಿಳಿದು ಅವನ ಮುಖ ಸೂರ್ಯಕಾಂತಿಯಂತೆ ಅರಳಿತು.

"ಭಾವಾ, ಕೆಡೋದೇ ಇಲ್ಲ ಅಂದಿದ್ದೆ?"

"ಕೆಟ್ಟಿಲ್ಲ. ಯೋಚನೆ ಮಾಡ್ತಿದೆ."

"ಪುಕ್ಕಟೆ ಸಿಕ್ಕಿದ್ದು ಪುಕ್ಕಟೆ ಥರಾನೇ ಇರತ್ತೆ. ನನ್ನದು ತರ್ಲಾ?"

"ಬೇಡ!" ಎಂದು ಮರ್ಡೋ ಎಷ್ಟು ಜೋರಾಗಿ ಕೂಗಿದನೆಂದರೆ ಹಿತ್ತಲಿನ ಕೋಳಿಗಳು ಹಾರಿದವು. ಕಾಲಿನ್‌ನ ಯಂತ್ರದಲ್ಲಿ ಕೂತು ಊರು ಉಳಿಸುವುದಕ್ಕಿಂತ ತನ್ನದರಲ್ಲಿ ಮುಳುಗಿಸುವುದು ವಾಸಿ ಎಂಬ ನಿರ್ಧಾರ ಅವನ ಮುಖದಲ್ಲಿತ್ತು. ಮೆರೆ ಆ ಮುಖ ನೋಡಿದಳು, ಗಡಿಯಾರ ನೋಡಿದಳು, ತನ್ನ ಹಾಳೆಗಳನ್ನು ಮಡಿಸಿಕೊಂಡಳು. ಅವಳು ಬೈದಿದ್ದರೆ ಪಾಪ ಅವನಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತು.

ಚಿಕಿತ್ಸೆ ಶುರುವಾಯಿತು. ಮೊದಲು ಯಂತ್ರವನ್ನು ತಲೆಕೆಳಗು ಮಾಡಿ ಕುಟ್ಟಿದರು. ಹಿಂದಿನ ಕ್ರಿಸ್ಮಸ್ಸಿನ ಕೇಕಿನ ಚೂರುಗಳು ಉದುರಿದವು. ಆಮೇಲೆ ನೆಲ ಗುಡಿಸುವ ಯಂತ್ರದ ಮೂತಿ ಹಿಡಿದರು. ಅದು ಒಂದು ಗುಂಡಿಯನ್ನೇ ನುಂಗಿತು. ಚೀಲ ಬಿಚ್ಚಿ, ಧೂಳಿನಲ್ಲಿ ತಡಕಿ, ಮರ್ಡೋ ಆ ಗುಂಡಿಯನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದ. ಐಲ್ಸಾಳ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯೂ ಆಯಿತು. ಕುರಿಯ ಕೊಟ್ಟಿಗೆಯ ಬಾಗಿಲಿಗೆ ಹಾಕುವ ಎಣ್ಣೆಯನ್ನು ಕಾಲಿನ್ ತಂದಾಗ ಮಾತ್ರ ಐಲ್ಸಾ ಅದನ್ನು ಕಿತ್ತುಕೊಂಡಳು.

"ಬೋರ್ಡಿನ ಕಚೇರಿಗೆ ಫೋನಾದ್ರೂ ಮಾಡು," ಎಂದಳು.

ಗ್ಲೆನ್‌ಮೋರಾದಲ್ಲಿ ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಗುಡ್ಡದ ಮೇಲಿನ ಸ್ಮಶಾನಕ್ಕೇ ಹೋಗಬೇಕು. ಮನೆಯ ಹಳೇ ಫೋನಿನಲ್ಲಿ ಕರೆದರೆ, ನೆರೆಯ ಕಾರಣ ಕಚೇರಿ ಮುಚ್ಚಿದೆ ಎಂದು ಒಂದು ಹೆಣ್ಣಿನ ದನಿ ಬಹಳ ಪ್ರೀತಿಯಿಂದ ಹೇಳಿತು. ಮರ್ಡೋ ಅದಕ್ಕೆ ಥ್ಯಾಂಕ್ಸ್ ಹೇಳಿ ಇಟ್ಟ.

ಒಂದೂವರೆ ಆಯಿತು. ಮರ್ಡೋ ಕುರ್ಚಿಯಲ್ಲಿ ಕುಸಿದು ಕೂತ. ಆಗ ಮೆರೆ ಮೆಲ್ಲಗೆ ಬಾಯಿಬಿಟ್ಟಳು.

"ಮರ್ಡೋ, ನಾನು ನಿನ್ನ ನಂಬಿ ಬಂದೆ. ಮುಂದಿನ ವಾರ ಪುಟ್ಟ ಮಕ್ಕಳ ಪಾಠ ಶುರುವಾಗ್ಬೇಕು. ನಿಂಗೆ ಮರ್ಯಾದೆ ಮುಖ್ಯಾನಾ, ಮಕ್ಕಳು ಮುಖ್ಯಾನಾ, ಹೇಳ್ಬಿಡು."

ಮರ್ಡೋನ ಮಗಳಿಗೂ ಈಜು ಕಲಿಸಿದವಳು ಇವಳೇ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು, ಅದನ್ನು ಅಡಗಿಸುವ ಶಕ್ತಿಯೂ ಇರಲಿಲ್ಲ. ಎದ್ದು ಕಾಲಿನ್‌ನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಬಾರಿಗೆ, "ನಿನ್ನದು ಕೊಡಪ್ಪಾ," ಎಂದ.

ಕಾಲಿನ್ ರಾಜಠೀವಿಯಿಂದ ಹೋಗಿ ಹೊಳೆಯುವ ಯಂತ್ರ ತಂದ. ತೆರೆದ. ಅದು ತನ್ನನ್ನು ತಾನು ನವೀಕರಿಸಿಕೊಳ್ಳುತ್ತಿರುವುದಾಗಿಯೂ, ದಯವಿಟ್ಟು ಆರಿಸಬಾರದೆಂದೂ, ಶೇಕಡಾ ನಾಲ್ಕು ಮುಗಿದಿರುವುದಾಗಿಯೂ ತಿಳಿಸಿತು. ನಾಲ್ವರೂ ಆ ನಾಲ್ಕನ್ನು ನೋಡುತ್ತ ನಿಂತರು. ಅದು ನಾಲ್ಕಾಗಿಯೇ ಉಳಿಯಿತು.

"ಇದೂ ಯೋಚನೆ ಮಾಡ್ತಿದೆಯಾ?" ಎಂದಳು ಐಲ್ಸಾ.

ಮರ್ಡೋನಿಗೆ ನಗಬೇಕೆನ್ನಿಸಿತು, ಆದರೆ ಮೆರೆ ಎದುರಿಗಿದ್ದಳು.

ಐಲ್ಸಾಳಿಗೆ ತೋಚದಾದಾಗ ಅವಳು ಒರೆಸುತ್ತಾಳೆ. ಅಂದೂ ಒದ್ದೆ ಬಟ್ಟೆ ತಂದು ಮರ್ಡೋನ ಲ್ಯಾಪ್‌ಟಾಪು ಒರೆಸತೊಡಗಿದಳು. ಒಂದು ಗುಂಡಿಯ ಮೇಲೆ ಚೀಸು ಗಟ್ಟಿಯಾಗಿ ಅಂಟಿತ್ತು. ಹೆಬ್ಬೆರಳು ಒತ್ತಿ, ಹಲ್ಲು ಕಚ್ಚಿ ಉಜ್ಜಿದಳು. ಪರದೆಯ ಮೇಲೆ ಒಂದು ಅಕ್ಷರ ಮೂಡಿತು.

"ಬಂತು!" ಎಂದು ಮೆರೆ ಕಿರುಚಿದಳು.

ಮರ್ಡೋ ಹಾರಿ ಬಂದು ಬಡಿದ. ಇಲ್ಲ. ಐಲ್ಸಾ ಮತ್ತೆ ಉಜ್ಜಿದಳು. ಬಂತು.

"ಬಡೀಬೇಡ್ವೋ, ಒತ್ತಿ ಹಿಡ್ಕೋ," ಎಂದಳು. "ಹಿಡ್ಕೊಂಡ್ರೆ ಬರತ್ತೆ."

ಹೌದು, ಹಿಡಿದರೆ ಬರುತ್ತಿತ್ತು. ಆದರೆ ತುಸು ಕಡಿಮೆ ಹಿಡಿದರೆ ಬರುತ್ತಿರಲಿಲ್ಲ, ತುಸು ಹೆಚ್ಚು ಹಿಡಿದರೆ ಅದೇ ಅಕ್ಷರ ಸಾಲುಗಟ್ಟಿ ಪರದೆಯ ತುದಿಯವರೆಗೆ ಓಡುತ್ತಿತ್ತು. ಅಳಿಸುವ ಗುಂಡಿಯೂ ಹಾಗೆಯೇ. ಬೇಡದ್ದನ್ನು ತಿಂದು, ಬೇಕಾದದ್ದನ್ನೂ ತಿಂದು, ತೇಗಿ ನಿಲ್ಲುತ್ತಿತ್ತು. ಆಗ ಸರಿಯಾಗಿ ಎರಡು ಗಂಟೆ ಬಡಿಯಿತು. ಮರ್ಡೋ ಬಾಣದ ಗುರುತಿನಿಂದಲೇ ಒತ್ತಿ ಸಭೆಯೊಳಗೆ ಹೋದ. ಕಪ್ಪು ಚೌಕದ ಕೆಳಗೆ ಅವನ ಹೆಸರು ಮೂಡಿತು.

ಪರದೆಯ ಮೇಲೆ ಐದು ಮುಖಗಳು. ನಡುವೆ ಹ್ಯಾಡೋ, ಟೈ ಕಟ್ಟಿಕೊಂಡು. ಮೂಲೆಯಲ್ಲಿ ಗ್ಯಾವ್ ಟೀವಿಯಟ್ ಎಂಬ ಹೈನುಗಾರ, ಹಾಲು ಕರೆಯುವ ಕೊಟ್ಟಿಗೆಯಿಂದಲೇ. ಅವನ ಹಿಂದೆ ಒಂದು ಹಸು ಕಲಾಪವನ್ನು ಗಮನವಿಟ್ಟು ಆಲಿಸುತ್ತಿತ್ತು. ಇನ್ನಿಬ್ಬರು ಸದಸ್ಯರೂ ಹೈನಿನವರೇ. ಐದನೆಯವಳು ಔಷಧಿ ಅಂಗಡಿಯ ಫಿಲಿಪಾ.

"ಮೊದಲು ಊರಿನ ಮನವಿ," ಎಂದ ಹ್ಯಾಡೋ. "ಶ್ರೀ ಪಿರೀ ಬರಹದಲ್ಲಿ ಹೇಳ್ತಾರೆ. ಐದು ನಿಮಿಷ ಸಮಯ. ಅದಾದ್ಮೇಲೆ ಮತ. ಶುರು ಮಾಡಿ."

ಮೆರೆ ಹಾಳೆ ಬಿಡಿಸಿ ಪಿಸುಗುಟ್ಟಿದಳು, "ಮಾನ್ಯ ಅಧ್ಯಕ್ಷರೇ."

"ಪಿಸುಗುಟ್ಟಬೇಡ, ಅವರಿಗೆ ಕೇಳಿಸಲ್ಲ, ಮೈಕಿಗೆ ಅಂಟು ಹಾಕಿದ್ದೀನಿ," ಎಂದು ಮರ್ಡೋನೂ ಪಿಸುಗುಟ್ಟುತ್ತಲೇ ಹೇಳಿ, ಮೊದಲ ಗುಂಡಿ ಒತ್ತಿ ಹಿಡಿದ.

ಐವರ ಪರದೆಯ ಕೆಳಗೂ ಒಂದು ಸಾಲು ಮೂಡಿತು: ಮರ್ಡೋ ಪಿರೀ ಬರೆಯುತ್ತಿದ್ದಾರೆ.

ಬೋರ್ಡು ಕಾದು ಕೂತಿತು. ಹ್ಯಾಡೋ ಟೈ ಸರಿಮಾಡಿಕೊಂಡ. ಫಿಲಿಪಾ ಚಹ ಹೀರಿದಳು. ಮರ್ಡೋ ಬೆವರಿದ. ಅಕ್ಷರವೊಂದು ಸಾಲಾಗಿ ಓಡಿತು, ಅಳಿಸಹೋದರೆ ಎಲ್ಲ ಅಳಿಸಿತು, ಮತ್ತೆ ಮೊದಲಿನಿಂದ. ಬರೆಯುತ್ತಿದ್ದಾರೆ ಎಂಬುದು ಹೋಗುವುದು, ಬರುವುದು, ಹೋಗುವುದು, ಬರುವುದು.

"ಉದ್ದಕ್ಕೆ ಬರೀತಿರೋ ಹಾಗಿದೆ," ಎಂದಳು ಫಿಲಿಪಾ.

"ಬರೆದು ಬರೆದು ಅಳಿಸ್ತಿದ್ದಾನೆ ನೋಡಿ," ಎಂದ ಗ್ಯಾವ್. "ಪದ ತೂಗ್ತಿದ್ದಾನೆ. ಪಕ್ಕದಲ್ಲಿ ವಕೀಲರು ಇರ್ಬಹುದು."

ವಕೀಲರೆಂದೊಡನೆ ಹ್ಯಾಡೋನ ಕೈ ಟೈಯ ಗಂಟಿಗೆ ಹೋಯಿತು. "ಐದು ನಿಮಿಷ ಆಯ್ತಲ್ಲ?"

"ಐದು ನಿಮಿಷ ಅಂದ್ರೆ ಮನವಿ ಶುರುವಾದ್ಮೇಲೆ," ಎಂದಳು ಫಿಲಿಪಾ. "ಅವರಿನ್ನೂ ಶುರುವೇ ಮಾಡಿಲ್ಲ. ಮಧ್ಯೆ ನಿಲ್ಲಿಸಿದ್ರೆ ನಾಳೆ ಕೋರ್ಟಲ್ಲಿ ನಮ್ಮನ್ನೇ ಕೇಳ್ತಾರೆ."

ಎದುರಿಗೆ ಬೈಯುವವನಿದ್ದರೆ ತಿರುಗಿ ಬೈಯಬಹುದು. ಬರೆಯುತ್ತಲೇ ಇರುವವನನ್ನು ಏನು ಮಾಡುವುದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಒಬ್ಬೊಬ್ಬರ ಕೈ ಹೆಗಲಿಗೆ ಹೋಗತೊಡಗಿತು.

"ನನ್ನ ಇಬ್ರು ಹುಡುಗ್ರೂ ಅಲ್ಲೇ ಈಜು ಕಲ್ತಿದ್ದು," ಎಂದ ಗ್ಯಾವ್, ಯಾರೂ ಕೇಳದಿದ್ದರೂ. "ಅದನ್ನ ಬರೀತಿದ್ದಾನೋ ಏನೋ. ಮೆರೆ ಒಂದು ಸಲ ದೊಡ್ಡೋನನ್ನ ಕೂದಲು ಹಿಡಿದು ಮೇಲಕ್ಕೆಳೆದಿದ್ದಳು."

"ಪಂಪು ಹಾಳಾಗಿದೆ ಅಂದ್ರಲ್ಲ, ಅದನ್ನ ಹೋಗಿ ನೋಡಿದ್ದು ಯಾರು?" ಎಂದಳು ಫಿಲಿಪಾ.

ಯಾರೂ ನೋಡಿರಲಿಲ್ಲ. ಹ್ಯಾಡೋ ನೋಡಿದ್ದಾನೆಂದು ಗ್ಯಾವ್, ಗ್ಯಾವ್ ನೋಡಿದ್ದಾನೆಂದು ಹ್ಯಾಡೋ ನಂಬಿದ್ದರು. ಮಿಕ್ಕಿಬ್ಬರು ಫಿಲಿಪಾ ನೋಡಿದ್ದಾಳೆಂದುಕೊಂಡಿದ್ದರು. ಕೆಳಗೆ ಮರ್ಡೋ ಪಿರೀ ಬರೆಯುತ್ತಲೇ ಇದ್ದ.

ಮೂರೂವರೆಯ ಹೊತ್ತಿಗೆ ಗ್ಯಾವ್‌ನ ಹಿಂದಿದ್ದ ಹಸು ಕೂಗಿತು. ಒಂದು ಕೂಗಿದರೆ ಉಳಿದವು ಬಿಡುತ್ತವೆಯೇ? ಇಡೀ ಕೊಟ್ಟಿಗೆಯೇ ಕೂಗಿತು. ಉಳಿದಿಬ್ಬರು ಹೈನುಗಾರರ ಹಿಂದಿನಿಂದಲೂ ಉತ್ತರ ಬಂತು.

"ಹಾಲು ಕರೆಯೋ ಹೊತ್ತು. ಕೆಚ್ಚಲು ಕಲಾಪಕ್ಕೆ ಕಾಯಲ್ಲ ಸ್ಟುವರ್ಟ್," ಎಂದು ಗ್ಯಾವ್ ಎದ್ದ. ಅವನ ಚೌಕ ಕಪ್ಪಾಯಿತು. ಇನ್ನೊಂದು ಕಪ್ಪಾಯಿತು. ಮತ್ತೊಂದು.

"ಇಬ್ರೇ ಉಳಿದ್ವಿ," ಎಂದಳು ಫಿಲಿಪಾ. "ಮೂವರಿಲ್ಲದೆ ಮತ ಹಾಕೋ ಹಾಗಿಲ್ಲ."

ಹ್ಯಾಡೋ ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಪಂಪು ನೋಡಿ ಬರುವವರೆಗೆ ವಿಷಯವನ್ನು ಮುಂದಿನ ಚಳಿಗಾಲಕ್ಕೆ ಹಾಕಿದ್ದೇನೆ, ಈ ಬೇಸಿಗೆ ಕೊಳ ಎಂದಿನಂತೆ ತೆರೆದಿರುತ್ತದೆ ಎಂದು ಘೋಷಿಸಿ, ಕಪ್ಪು ಚೌಕದ ಕಡೆ ನೋಡಿ, "ಶ್ರೀ ಪಿರೀಯವರ ಸಂಯಮಕ್ಕೆ ಬೋರ್ಡು ಆಭಾರಿ," ಎಂದ. ಅದೇ ಗಳಿಗೆಯಲ್ಲಿ ಮರ್ಡೋನ ಬೆರಳು ಕಳಿಸುವ ಗುಂಡಿಯ ಮೇಲೆ ಬೇಕಾದಷ್ಟು ಹೊತ್ತು ಕೂತಿತು. ಊರಿನ ಮನವಿ ಬೋರ್ಡಿನ ಮುಂದೆ ಬಂತು. ಅದರಲ್ಲಿ ಇಷ್ಟಿತ್ತು: "ಮಾನ್ಯ ಅಧ್ಯಕ್ಷರೇ,"

ಹ್ಯಾಡೋ ಅದನ್ನು ಓದಿ, ಬಿಳುಚಿಕೊಂಡು, ಪರದೆ ಆರಿಸಿದ.

ಮೆರೆ ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಮರ್ಡೋನ ಬೋಳುತಲೆಗೆ ಮುತ್ತಿಟ್ಟಳು. ಸಂಜೆಯೊಳಗೆ ಊರೆಲ್ಲ ಸುದ್ದಿ. ಪಿರೀ ಒಂದೂವರೆ ಗಂಟೆ ಬೋರ್ಡಿಗೆ ನೀರು ಕುಡಿಸಿದನಂತೆ, ಒಂದು ಮಾತೂ ಆಡದೆ! ಎಂಥ ತಂತ್ರ! ಮರ್ಡೋ ಇಲ್ಲವೆನ್ನಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಯಾರೋ ಆ ಬಾಯಿಗೆ ಬಿಯರು ಕೊಡಿಸಿದರು. ಸತ್ಯ ಹೇಳಲು ಅವನು ಸಿದ್ಧನಿದ್ದ, ಊರು ಸಿದ್ಧವಿರಲಿಲ್ಲ.

ಮಾರನೆಯ ದಿನ ಸುಮ್ಮನೆ, ಹಿಂದಿನ ದಿನ ತಟ್ಟೆ ಕೂತಿದ್ದ ಮೂಲೆಯ ಗುಂಡಿಯ ಮೇಲೆ ಬೆರಳಿಟ್ಟು ಯೋಚಿಸುತ್ತ ಕೂತಿದ್ದಾಗ ಆ ಸಂದೇಶ ಮತ್ತೆ ಎದ್ದು ನಿಂತಿತು. ಈ ಸಲ ಅವನು ಓದಿದ. ಶಿಫ್ಟ್ ಗುಂಡಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ನಿಧಾನ ಗುಂಡಿ ಎಂಬ, ಒತ್ತಿ ಹಿಡಿದರಷ್ಟೇ ಅಕ್ಷರ ಮೂಡುವ ಸೌಲಭ್ಯ ಶುರುವಾಗುತ್ತದೆಂದೂ, ಮತ್ತೆ ಹಿಡಿದರೆ ನಿಲ್ಲುತ್ತದೆಂದೂ, ಕೈ ನಡುಗುವ ಹಿರಿಯರಿಗೆ ಇದು ಅನುಕೂಲವೆಂದೂ, ಈಗ ಅದು ನಿಂತಿದೆಯೆಂದೂ ಅದರಲ್ಲಿತ್ತು. ಗುಂಡಿಗಳು ಮೊದಲಿನಂತೆ ಪಟಪಟ ನುಡಿಯತೊಡಗಿದವು. ಮರ್ಡೋ ಬಾಗಿಲ ಕಡೆ ನೋಡಿ, ಐಲ್ಸಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಂದೇಶವನ್ನು ಮುಚ್ಚಿದ.

ಚಳಿಗಾಲದ ಸಭೆಗೆ ಅವನು ಎರಡು ತಿಂಗಳು ತಯಾರಿ ನಡೆಸಿದ. ಈ ಸಲ ಹೆಸರಿಗೆ ತಕ್ಕ ಕೆಲಸ ಮಾಡಿ ತೋರಿಸಲೇಬೇಕಿತ್ತು. ಮೆರೆಯ ಎರಡು ಹಾಳೆ ಅವನ ಕೈಯಲ್ಲಿ ಇಪ್ಪತ್ತಾಯಿತು. ನದಿಯ ಇತಿಹಾಸ, ಪಂಪಿನ ಶರೀರಶಾಸ್ತ್ರ, ಕೊನೆಗೆ ಕಣ್ಣೀರು ಬರುವಂಥ ಎರಡು ಸಾಲು. ಬಾಯಿಪಾಠವಾಗಿತ್ತು. ಸಭೆ ತೆರೆಯಿತು. ಹ್ಯಾಡೋ ಸೊರಗಿದ್ದ. ಮರ್ಡೋ ಅಂಗಿಯ ತೋಳು ಮಡಿಸಿ, ಬೆರಳು ಸಡಿಲಿಸಿ, ಮೊದಲ ಅಕ್ಷರ ಒತ್ತಿದ.

ಐವರ ಪರದೆಯ ಮೇಲೂ ಆ ಸಾಲು ಮೂಡಿತು.

"ಅಯ್ಯೋ, ಶುರು ಮಾಡಿದ!" ಎಂದು ಗ್ಯಾವ್ ಕಿರುಚಿದ.

"ಮತಕ್ಕೆ ಹಾಕ್ತಿದ್ದೀನಿ!" ಎಂದು ಹ್ಯಾಡೋ ಕುರ್ಚಿಯಿಂದೆದ್ದ. "ಕೊಳ ಉಳೀಲಿ, ಹೊಸ ಪಂಪು ಬರ್ಲಿ, ಹತ್ತು ವರ್ಷ ಈ ವಿಷಯ ಯಾರೂ ಎತ್ತಬಾರ್ದು. ಒಪ್ಪಿದವರು ಕೈ ಎತ್ರಪ್ಪಾ, ಬೇಗ, ಬೇಗ!"

ಐದು ಕೈಗಳೂ ಒಟ್ಟಿಗೆ ಮೇಲೆದ್ದವು. ಮೆರೆ ಹಾಳೆಗಳನ್ನು ಗಾಳಿಗೆ ತೂರಿ, ಐಲ್ಸಾಳನ್ನು ಅಪ್ಪಿಕೊಂಡು ಅಡುಗೆಮನೆಯಲ್ಲೇ ಕುಣಿದಳು.

"ತಾಳ್ರೀ," ಎಂದ ಮರ್ಡೋ ಮುಚ್ಚಿದ ಮೈಕಿಗೆ. ಅವನ ಬೆರಳುಗಳು ಗುಂಡಿಗಳ ಮೇಲೆ ಹಾಗೆಯೇ ನಿಂತಿದ್ದವು. "ನಂದಿನ್ನೂ ಇದೆ. ಚೆನ್ನಾಗಿದೆ ಕಣ್ರೀ..."

ಮೆರೆ ಹಿಂದಿನಿಂದ ಬಂದು, ಅವನ ಎರಡೂ ಕೈಗಳನ್ನು ಮೆತ್ತಗೆ ಎತ್ತಿ ಅವನ ತೊಡೆಯ ಮೇಲಿಟ್ಟಳು.

"ಮುಟ್ಬೇಡ ಮಾರಾಯ," ಎಂದಳು. "ನೀನೆಲ್ಲಾದ್ರೂ ಬರೆದ್ಬಿಟ್ರೆ ಅವರು ಮನಸ್ಸು ಬದಲಾಯಿಸ್ಬಿಡ್ತಾರೆ."